ಮಾಪೊ ತೋಫು ಒಡೆಯದಿರಲು ಮತ್ತು ನಾಲಗೆ ಜುಮ್ಮೆನ್ನಲು

ತೋಫು, ಅಂದರೆ ಸೋಯಾ ಹಾಲಿನ ಪನೀರ್ ಹಾಕಿ ಮಾಡುವ ಚೀನಾದ ಖಾರದ ಅಡುಗೆ ಮಾಪೊ ತೋಫುವಿನಲ್ಲಿ ತುಂಡುಗಳು ಒಡೆದು ಗೊಜ್ಜು ನೀರಾಗುತ್ತಿದೆ, ನಾಲಗೆ ಜುಮ್ಮೆನ್ನಿಸುವ ಸಿಚುವಾನ್ ಮೆಣಸಿನ ಬದಲು ಕರಿಮೆಣಸು ಹಾಕಬಹುದೇ ಎಂದು ಕೇಳಿದ್ದೀರಿ. ತೋಫುವನ್ನು ಸುಮಾರು 2 ಸೆಂ.ಮೀ. ಚೌಕಗಳಾಗಿ ಹೆಚ್ಚಿ, ಉಪ್ಪು ಬೆರೆಸಿದ, ಇನ್ನೇನು ಕುದಿ ಬರಲಿರುವ ನೀರಿನಲ್ಲಿ ನಾಲ್ಕೈದು ನಿಮಿಷ ಬಿಟ್ಟು ತೆಗೆದರೆ ಅದರ ಹಸಿವಾಸನೆ ಹೋಗಿ ತುಂಡುಗಳು ಬಿಗಿಯಾಗುತ್ತವೆ. ಕಾಳು ಮತ್ತು ಮೆಣಸಿನಕಾಯಿಯನ್ನು ಹುದುಗಿಸಿ ಮಾಡಿದ ಡೌಬಾನ್‌ಜಿಯಾಂಗ್ ಎಂಬ ಪೇಸ್ಟನ್ನು ಸಣ್ಣ ಉರಿಯಲ್ಲಿ ಎಣ್ಣೆ ಕೆಂಪೇರುವವರೆಗೆ ಬಾಡಿಸುವುದೇ ಚೆಂಗ್ಡು ನಗರದ ಈ ಅಡುಗೆಯ ಜೀವಾಳ. ಅಲ್ಲಿ ಆತುರ ಸಲ್ಲದು. ನೀರು, ತೋಫು ಹಾಕಿ ಕುದಿಸಿದ ಮೇಲೆ, ತಣ್ಣೀರಿನಲ್ಲಿ ಕದಡಿದ ಕಾರ್ನ್‌ಫ್ಲೋರನ್ನು ಒಮ್ಮೆಲೇ ಸುರಿಯದೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪವೇ ಸೇರಿಸಿ, ಸೌಟಿನ ಬೆನ್ನಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿ. ಪಲ್ಯಕ್ಕೆ ಕೈಯಾಡಿಸಿದಂತೆ ಆಡಿಸಿದರೆ ತೋಫು ಪುಡಿಯಾಗುವುದು ಖಚಿತ.

ಕರಿಮೆಣಸು ಖಾರ ಕೊಡುತ್ತದೆಯೇ ಹೊರತು ನಾಲಗೆಯನ್ನು ಜುಮ್ಮೆನ್ನಿಸುವುದಿಲ್ಲ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಮೀನಿನ ಪದಾರ್ಥಕ್ಕೆ ಬಳಸುವ ತೆಪ್ಪಲ, ಅಂದರೆ ನಮ್ಮ ಜುಮ್ಮನಕಾಯಿ, ಸಿಚುವಾನ್ ಮೆಣಸಿನ ಕುಲಕ್ಕೇ ಸೇರಿದ್ದು. ಅದರ ಕಪ್ಪು ಬೀಜವನ್ನು ತೆಗೆದು, ಸಿಪ್ಪೆಯನ್ನಷ್ಟೇ ಬೆಚ್ಚಗೆ ಹುರಿದು ಪುಡಿಮಾಡಿ, ಒಲೆ ಆರಿಸಿದ ಮೇಲೆ ಉದುರಿಸಿ; ಪರಿಮಳ ತುಸು ಬೇರೆಯಾದರೂ ಆ ಜುಮ್ಮು ಸಿಗುತ್ತದೆ.