ರ್‍ಯಾಂಪ್ ಕಟ್ಟಿಸಿದ ಮೇಲೆ: ಆರಾಧನೆ ಮತ್ತು ಅಂಗವಿಕಲರ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ನಮ್ಮ ಚರ್ಚಿನ ಆಡಳಿತ ಸಮಿತಿಯ ಸದಸ್ಯ. ವೀಲ್‌ಚೇರ್ ಬಳಸುವ ಸಹೋದರಿಯೊಬ್ಬರಿಗಾಗಿ ಮುಂಬಾಗಿಲಿಗೆ ರ್‍ಯಾಂಪ್ ಕಟ್ಟಿಸಿದೆವು. ಅವರು ಕೆಲವು ಭಾನುವಾರ ಬಂದು, ಆಮೇಲೆ ಬರುವುದನ್ನೇ ನಿಲ್ಲಿಸಿದರು. ಕಾರಣ ಕೇಳಿದರೆ ‘ಏನೂ ಇಲ್ಲ’ ಎನ್ನುತ್ತಾರೆ. ನಾವು ಇನ್ನೇನು ಮಾಡಬೇಕಿತ್ತು?

ಉತ್ತರ: ಅವರ ಮನಸ್ಸಿನಲ್ಲಿರುವುದನ್ನು ಅವರೇ ಹೇಳಬೇಕು. ಆದರೆ ಬಾಗಿಲು ದಾಟಿದ ಮೇಲೆ ಏನೇನು ಎದುರಾಗಿರಬಹುದೆಂಬುದನ್ನು ಆರಾಧನೆಯ ಕ್ರಮವನ್ನೇ ಹಿಡಿದು ನೋಡಬಹುದು. ಮೊದಲು ರ್‍ಯಾಂಪನ್ನು ಅಳೆಯಿರಿ. 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದದ ಇಳಿಜಾರು ಬೇಕೆಂಬುದು ಸಾಮಾನ್ಯವಾಗಿ ಪಾಲಿಸುವ ಅಳತೆ. ಅದಕ್ಕಿಂತ ಕಡಿದಾಗಿದ್ದರೆ ಹಿಂದಿನಿಂದ ಯಾರಾದರೂ ತಳ್ಳಲೇಬೇಕಾಗುತ್ತದೆ, ಪ್ರತಿ ವಾರವೂ ತಳ್ಳುವವರಿಗಾಗಿ ಕಾದು ನಿಲ್ಲುವುದು ಯಾರಿಗೂ ಹಿತವಲ್ಲ.

ಒಳಗೆ ಅವರು ಕುಳಿತದ್ದೆಲ್ಲಿ? ಹೆಚ್ಚಿನ ಚರ್ಚುಗಳಲ್ಲಿ ವೀಲ್‌ಚೇರಿಗೆ ಸಿಗುವುದು ಹಿಂಬದಿಯ ಗೋಡೆಯ ಪಕ್ಕದ ಜಾಗ, ಇಲ್ಲವೇ ನಡುದಾರಿ. ನಡುದಾರಿಯಲ್ಲಾದರೆ ಓಡಾಡುವವರೆಲ್ಲ ‘ಸ್ವಲ್ಪ ಸರಿಯಿರಿ’ ಎನ್ನುತ್ತಿರುತ್ತಾರೆ. ನಡುವಿನ ಸಾಲುಗಳಲ್ಲಿ ಒಂದೆರಡು ಬೆಂಚುಗಳನ್ನು ಸುಮಾರು 3 ಅಡಿಯಷ್ಟು ಮೊಟಕುಗೊಳಿಸಿದರೆ ವೀಲ್‌ಚೇರ್ ಅಲ್ಲಿ ನಿಲ್ಲುತ್ತದೆ, ಮನೆಯವರೂ ಪಕ್ಕದಲ್ಲೇ ಕೂರಬಹುದು. ಬಡಗಿಯೊಬ್ಬರಿಗೆ ಅರ್ಧ ದಿನದ ಕೆಲಸವಾದರೂ ಅದಕ್ಕೆ ಸಮಿತಿಗಳು ವರ್ಷಗಟ್ಟಲೆ ಹಿಂಜರಿಯುವುದೇಕೋ ಅರ್ಥವಾಗುವುದಿಲ್ಲ. ಗೀತೆ ಹಾಡುವಾಗ ‘ಎಲ್ಲರೂ ಎದ್ದು ನಿಲ್ಲೋಣ’ ಎಂದೊಡನೆ ಕುಳಿತವರ ಮುಂದೆ ಬೆನ್ನುಗಳ ಗೋಡೆಯೇ ಏಳುತ್ತದೆ, ಪರದೆಯ ಮೇಲಿನ ಸಾಲುಗಳು ಮರೆಯಾಗುತ್ತವೆ. ‘ನಿಂತಾಗಲಿ ಕುಳಿತಾಗಲಿ ಹಾಡೋಣ’ ಎನ್ನಲು ಸಭಾಪಾಲಕರಿಗೆ ಕಷ್ಟವಿಲ್ಲ. ಗೀತೆಗಳನ್ನು 18 ಪಾಯಿಂಟ್ ಅಕ್ಷರಗಳಲ್ಲಿ ಮುದ್ರಿಸಿ ಕೊಟ್ಟರೆ ದೃಷ್ಟಿ ಮಂದವಾದ ಹಿರಿಯರಿಗೂ ಅದು ಒದಗುತ್ತದೆ.

ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಕರ್ತನ ಭೋಜನದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಎಲ್ಲರೂ ಮುಂದೆ ಬಂದು ಸ್ವೀಕರಿಸಿ ಹೋದ ಮೇಲೆ, ಸಭೆಯೆಲ್ಲ ತಿರುಗಿ ನೋಡುತ್ತಿರುವಾಗ, ರೊಟ್ಟಿ ಮತ್ತು ಪಾತ್ರೆಯನ್ನು ಒಬ್ಬರ ಬಳಿಗೆ ಒಯ್ಯುವುದು ಅವರನ್ನು ಪ್ರದರ್ಶನಕ್ಕಿಟ್ಟಂತೆ. ಅವರ ಸಾಲಿನ ಸರದಿ ಬಂದಾಗಲೇ ಕೊಡಿ, ಅಥವಾ ಆ ದಿನ ಎಲ್ಲರಿಗೂ ಕುಳಿತಲ್ಲಿಗೇ ಕೊಡಿ. ಸತ್ಯವೇದದ (ಬೈಬಲಿನ) ಎರಡನೆಯ ಸಮುವೇಲನ ಗ್ರಂಥದ 9ನೆಯ ಅಧ್ಯಾಯದಲ್ಲಿ, ತನ್ನ ಗೆಳೆಯ ಯೋನಾತಾನನ ಮಗನಾದ ಮೆಫೀಬೋಶೆತನಿಗೆ ಅರಸನಾದ ದಾವೀದನು ತನ್ನ ಮೇಜಿನಲ್ಲಿ, ರಾಜಪುತ್ರರ ಸಾಲಿನಲ್ಲಿ ಜಾಗ ಕೊಡುತ್ತಾನೆ. ಆತನ ಎರಡು ಕಾಲುಗಳೂ ಊನವಾಗಿದ್ದವೆಂದು ಅಧ್ಯಾಯದ ಕೊನೆಯ ವಚನ ಮತ್ತೊಮ್ಮೆ ಹೇಳುತ್ತದೆ. ಅಂದರೆ ಮೇಜಿನ ಜಾಗಕ್ಕೆ ಕಾಲು ವಾಸಿಯಾಗಬೇಕೆಂಬ ಷರತ್ತು ಇರಲಿಲ್ಲ.

ಇದನ್ನು ಹೇಳಲು ಕಾರಣವಿದೆ. ಕೇಳದೆಯೇ ತಲೆಯ ಮೇಲೆ ಕೈಯಿಟ್ಟು ಸ್ವಸ್ಥತೆಗಾಗಿ ಪ್ರಾರ್ಥಿಸುವವರು, ವಾಸಿಯಾಗದಿದ್ದರೆ ನಂಬಿಕೆ ಸಾಲದೆಂದು ಸೂಚಿಸುವವರು ಅನೇಕ ಸಭೆಗಳಲ್ಲಿದ್ದಾರೆ. ಅವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಪಡೆಯುವವರಿಗೆ ಅದು ಪ್ರತಿ ವಾರದ ಅವಮಾನ. ಹುಟ್ಟು ಕುರುಡನನ್ನು ಕಂಡು ‘ಯಾರ ಪಾಪದಿಂದ?’ ಎಂದು ಶಿಷ್ಯರು ಕೇಳಿದಾಗ, ಅವನೂ ಪಾಪ ಮಾಡಲಿಲ್ಲ, ಅವನ ತಂದೆತಾಯಿಗಳೂ ಮಾಡಲಿಲ್ಲ ಎಂದು ಯೇಸು ಉತ್ತರಿಸಿದ್ದನ್ನು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಓದುತ್ತೇವೆ. ಪ್ರಾರ್ಥನೆ ಬೇಕೇ, ಬೇಕಾದರೆ ಯಾವುದಕ್ಕಾಗಿ ಎಂದು ಮೊದಲು ಅವರನ್ನೇ ಕೇಳಿ. ಅವರ ಚಿಂತೆ ಕಾಲಿನದಾಗಿರದೆ ಮಗಳ ಪರೀಕ್ಷೆಯದಾಗಿರಬಹುದು.

ಈಗ ಅವರ ಮನೆಗೆ ಹೋಗಿ ‘ಯಾಕೆ ಬರಲಿಲ್ಲ’ ಎಂದು ವಿಚಾರಿಸುವ ಬದಲು, ‘ನಮ್ಮ ಕಟ್ಟಡವನ್ನು ನಮ್ಮೊಡನೆ ಒಮ್ಮೆ ಸುತ್ತಿ ನೋಡಿ, ತೊಡಕು ಎಲ್ಲಿದೆಯೆಂದು ತೋರಿಸಿಕೊಡುತ್ತೀರಾ?’ ಎಂದು ಕೇಳಿ. ಶೌಚಾಲಯದ ಬಾಗಿಲನ್ನೂ ಆಗ ನೋಡಿ. ಅದು ಕಿರಿದಾಗಿದ್ದರೆ ಎರಡು ಗಂಟೆಯ ಆರಾಧನೆಗೆ ಬರಲು ಯಾರೂ ಧೈರ್ಯ ಮಾಡರು. ಸತ್ಯವೇದ ಪಾಠ ಓದಲು ಅವರಿಗೆ ಇಷ್ಟವಿದೆಯೇ? ವೇದಿಕೆಗೆ ಮೆಟ್ಟಿಲುಗಳಿದ್ದರೆ ಮೈಕನ್ನು ಕೆಳಗೆ ಇಳಿಸಿ. ಸಮಿತಿಯಲ್ಲೂ ಅವರಿಗೊಂದು ಸ್ಥಾನವಿದ್ದರೆ ಇಂಥ ಪ್ರಶ್ನೆಯನ್ನು ನೀವು ನಮಗೆ ಬರೆಯಬೇಕಾಗುತ್ತಿರಲಿಲ್ಲ.

ಪ್ರಶ್ನೆ: ಆಟಿಸಂ ಇರುವ ನನ್ನ ಮಗ ಪ್ರಸಂಗದ (ಸಭಾಪಾಲಕರ ಬೋಧನೆಯ) ನಡುವೆ ಗಟ್ಟಿಯಾಗಿ ದನಿ ತೆಗೆಯುತ್ತಾನೆ, ಜನ ತಿರುಗಿ ನೋಡುತ್ತಾರೆ. ಅವನನ್ನು ಮನೆಯಲ್ಲೇ ಬಿಟ್ಟು ಬರಬೇಕೇ?

ಉತ್ತರ: ಬೇಡ, ಕರೆದುಕೊಂಡೇ ಬನ್ನಿ. ತಿರುಗಿ ನೋಡುವವರನ್ನು ತಿದ್ದುವ ಹೊಣೆ ನಿಮ್ಮದಲ್ಲ, ಸಭಾಪಾಲಕರದು. ಈ ಮಗುವಿನ ದನಿಯೂ ನಮ್ಮ ಆರಾಧನೆಯ ಭಾಗವೆಂದು ಅವರು ವೇದಿಕೆಯಿಂದ ಒಮ್ಮೆ ಹೇಳಿದರೆ ಬಹಳಷ್ಟು ತಲೆಗಳು ಮುಂದಕ್ಕೆ ತಿರುಗುತ್ತವೆ. ಮುಂದೇನು ನಡೆಯುತ್ತದೆಂಬುದು ಮೊದಲೇ ತಿಳಿದಿದ್ದರೆ ಇಂಥ ಅನೇಕ ಮಕ್ಕಳಿಗೆ ನೆಮ್ಮದಿಯಾಗುವುದರಿಂದ, ಹಾಡು, ಪಾಠ, ಪ್ರಸಂಗ, ಕಾಣಿಕೆ ಎಂಬ ಕ್ರಮವನ್ನು ಚಿತ್ರಗಳಲ್ಲಿ ಬರೆದ ಹಾಳೆಯೊಂದನ್ನು ಅವನ ಕೈಗೆ ಕೊಡಿ. ಧ್ವನಿವರ್ಧಕದ ಬಳಿ ಕೂರಬೇಡಿ. ದಣಿದಾಗ ಹೋಗಿ ಕೂರಲು ಒಂದು ಸದ್ದಿಲ್ಲದ ಕೋಣೆ ಇರಲಿ, ಆದರೆ ಅಲ್ಲಿಗೆ ಹೋಗುವ ನಿರ್ಧಾರ ನಿಮ್ಮದೂ ಅವನದೂ ಆಗಿರಬೇಕು.

ಪ್ರಶ್ನೆ: ಕಿವಿ ಕೇಳದವರು ನಮ್ಮ ಸಭೆಗೆ ಬರತೊಡಗಿದ್ದಾರೆ. ಮೈಕಿನ ಶಬ್ದ ಹೆಚ್ಚಿಸಿದರೆ ಸಾಕೇ?

ಉತ್ತರ: ಸಾಲದು. ಶ್ರವಣ ಸಾಧನ ಬಳಸುವವರಿಗಾದರೆ ಸಭಾಂಗಣದ ಸುತ್ತ ತಂತಿ ಹಾಯಿಸುವ ‘ಹಿಯರಿಂಗ್ ಲೂಪ್’ ವ್ಯವಸ್ಥೆ ಇದೆ. ಟೆಲಿಕಾಯಿಲ್ ಎಂಬ ಪುಟ್ಟ ತಂತಿ ಸುರುಳಿ ಇರುವ ಶ್ರವಣ ಸಾಧನಗಳು ಅದರ ಮೂಲಕ ಮೈಕಿನ ದನಿಯನ್ನು ಸುತ್ತಲಿನ ಗದ್ದಲವಿಲ್ಲದೆ ನೇರವಾಗಿ ಹಿಡಿಯುತ್ತವೆ. ಸಂಜ್ಞಾ ಭಾಷೆ ಬಳಸುವವರಿಗೆ ದುಭಾಷಿ ಬೇಕು. ದುಭಾಷಿಯನ್ನು ಪ್ರಸಂಗಿಯ ಪಕ್ಕದಲ್ಲೇ ನಿಲ್ಲಿಸಿ, ಹಿಂದೆ ಕಿಟಕಿಯ ಬೆಳಕು ಇರದಂತೆ ನೋಡಿಕೊಳ್ಳಿ. ಗೀತೆಗಳನ್ನೂ ಪ್ರಸಂಗದ ಟಿಪ್ಪಣಿಯನ್ನೂ ಒಂದೆರಡು ದಿನ ಮುಂಚೆಯೇ ದುಭಾಷಿಗೆ ತಲುಪಿಸಿ. ಕಣ್ಣು ಮುಚ್ಚಿ ಪ್ರಾರ್ಥಿಸೋಣ ಎಂದು ಕರೆ ಕೊಡುವಾಗ, ಕಣ್ಣಿನಿಂದಲೇ ಪ್ರಾರ್ಥನೆಯನ್ನು ‘ಕೇಳುವವರು’ ಕಣ್ಣು ತೆರೆದೇ ಇರಬಹುದೆಂದು ಸಭೆಗೆ ತಿಳಿಸಿ.