ಗಡೀಪಾರಾಗಿ ಬಂದ ಅಕ್ಕನ ಮಗಳು ರೂಮು ಬಿಟ್ಟು ಬರ್ತಿಲ್ಲ ಅಂದವರಿಗೆ
ಅದು ಸೊಕ್ಕಲ್ಲ. ಅಮೆರಿಕದಲ್ಲಿ ಬೆಳೆದ ಹುಡುಗಿ, ಇಲ್ಲಿ ಕೈಯಲ್ಲಿ ಒಂದು ಗುರುತಿನ ಚೀಟಿ ಇಲ್ಲ, ಬಾಯಿ ಬಿಟ್ಟರೆ ಅವಳ ಕನ್ನಡಕ್ಕೆ ಮನೆಯವರೇ ನಗ್ತಾರೆ. ನಮ್ಮ ಮನೇಲೂ ಇದೇ ಆಗಿತ್ತು.

ಮೊದಲು ಜನನ ಪ್ರಮಾಣಪತ್ರ. ದಾವಣಗೆರೆಯಲ್ಲೇ ಹುಟ್ಟಿದ್ದರೆ ಮಹಾನಗರ ಪಾಲಿಕೆಯಲ್ಲಿ ತಾರೀಕು, ತಂದೆ-ತಾಯಿ ಹೆಸರು ಕೊಟ್ಟು ಹುಡುಕಿಸಿ. ಮಗುವಿನ ಹೆಸರಿನ ಜಾಗ ಖಾಲಿ ಇದ್ದರೂ ಇರಬಹುದು. ಸೇರಿಸೋದು ಹೇಗೆ ಅಂತ ಅಲ್ಲೇ ಕೇಳಿ. ಆಮೇಲೆ ಆಧಾರ್. ಅದಕ್ಕೆ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು. ಚಾಲ್ತಿಯಲ್ಲಿರೋ ಭಾರತೀಯ ಪಾಸ್‌ಪೋರ್ಟ್ ಇದ್ದರೆ ಕಾಯಬೇಕಿಲ್ಲ. ಬ್ಯಾಂಕು, ಕೆಲಸ ಎಲ್ಲ ಆಮೇಲಿನ ಮಾತು.

ಅಲ್ಲೀವರೆಗೆ ಮದುವೆ ಮನೆಗಳಿಗೆ ಎಳ್ಕೊಂಡು ಹೋಗಬೇಡಿ. "ಯಾಕವ್ವಾ ವಾಪಸ್ ಕಳಿಸಿದ್ರು?" ಅನ್ನೋರೇ ಎಲ್ಲ. ಅದರ ಬದಲು ಸಂಜೆ ಮಂಡಕ್ಕಿ ಅಂಗಡಿಗೆ ಒಬ್ಬಳನ್ನೇ ಕಳಿಸಿ. "ಖಾರ ಕಮ್ಮಿ, ಈರುಳ್ಳಿ ಜಾಸ್ತಿ, ಎರಡು ಮಿರ್ಚಿ" ಅಂತ ಅವಳೇ ಹೇಳಿ ಕಟ್ಟಿಸ್ಕೊಂಡು ಬರಲಿ. ತಪ್ಪು ಮಾತಾಡಿದರೂ ಮಂಡಕ್ಕಿ ಸಿಗುತ್ತೆ ಬಿಡಿ. ಓಣಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡ್ತೀಯಾ ಅಂತಲೂ ಕೇಳಿ ನೋಡಿ; ಒಪ್ಪುತ್ತಾಳೋ ಇಲ್ವೋ, ಒತ್ತಾಯ ಬೇಡ.

ಊಟ, ನಿದ್ದೆ ಬಿಟ್ಟಿದ್ದರೆ ಮಾತ್ರ ಯಾವುದಕ್ಕೂ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ. ಉಚಿತ, ಕನ್ನಡ, ಇಂಗ್ಲಿಷ್ ಎರಡರಲ್ಲೂ ಮಾತಾಡ್ತಾರೆ. ಫೋನು ಅವಳ ಕೈಗೆ ಕೊಟ್ಟು ನೀವು ರೂಮಿಂದ ಆಚೆ ಬನ್ನಿ.