ಟಿವಿ ಆ್ಯಪ್‌ಗಳ ಸೌಂಡ್ ಹೋಮ್ ಥಿಯೇಟರ್‌ಗೆ ಬರಬೇಕಾದರೆ

ನೀವು ಬರೆದಿದ್ದರಿಂದ ನನಗೆ ಅರ್ಥವಾಗಿದ್ದು ಇಷ್ಟು. ಸೆಟ್ ಟಾಪ್ ಬಾಕ್ಸ್‌ನಿಂದ 5.1 ರಿಸೀವರ್‌ಗೆ (ಐದು ಸ್ಪೀಕರ್, ಒಂದು ಸಬ್‌ವೂಫರ್ ಓಡಿಸುವ ಹೋಮ್ ಥಿಯೇಟರ್ ಪೆಟ್ಟಿಗೆ) ಒಂದು ಎಚ್‌ಡಿಎಂಐ ಕೇಬಲ್, ರಿಸೀವರ್‌ನಿಂದ ಹೊಸ ಸ್ಮಾರ್ಟ್ ಟಿವಿಗೆ ಇನ್ನೊಂದು. ಚಾನೆಲ್ ನೋಡುವಾಗ ಸೌಂಡ್ ದೊಡ್ಡ ಸ್ಪೀಕರ್‌ಗಳಲ್ಲೇ ಬರುತ್ತದೆ, ಆದರೆ ಟಿವಿಯೊಳಗಿನ ನೆಟ್‌ಫ್ಲಿಕ್ಸ್, ಯೂಟ್ಯೂಬ್ ಹಾಕಿದರೆ ಟಿವಿಯ ಸಣ್ಣ ಸ್ಪೀಕರ್ ಮಾತ್ರ. ಇನ್ನೊಂದು ಕೇಬಲ್ ತರಬೇಕಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಏನೂ ತರಬೇಡಿ. ಈಗಿರುವ ಕೇಬಲ್ಲೇ ಸಾಕಾಗುವ ಸಾಧ್ಯತೆ ಜಾಸ್ತಿ.

ಆಗುತ್ತಿರುವುದು ಏನಂದರೆ, ಸೆಟ್ ಟಾಪ್ ಬಾಕ್ಸ್‌ನ ಚಿತ್ರ, ಸೌಂಡ್ ಎರಡೂ ಮೊದಲು ರಿಸೀವರ್‌ಗೆ ಹೋಗುತ್ತವೆ, ಅಲ್ಲಿಂದ ಚಿತ್ರ ಟಿವಿಗೆ ಹೋಗುತ್ತದೆ. ಆ್ಯಪ್ ಹಾಗಲ್ಲ. ಅದು ಟಿವಿಯಲ್ಲೇ ಓಡುತ್ತದೆ, ಅದರ ಸೌಂಡ್ ಹುಟ್ಟುವುದೂ ಅಲ್ಲೇ. ಅದು ರಿಸೀವರ್‌ಗೆ ಹಿಂದಕ್ಕೆ ಬರಬೇಕು. ಇದಕ್ಕಾಗಿಯೇ 2009ರ ಎಚ್‌ಡಿಎಂಐ 1.4ರಲ್ಲಿ ಆಡಿಯೊ ರಿಟರ್ನ್ ಚಾನೆಲ್ ತಂದರು. ಎಲ್ಲರೂ ಎಆರ್‌ಸಿ ಅಂತಾರೆ. ಒಂದೇ ಕೇಬಲ್‌ನಲ್ಲಿ ಚಿತ್ರ ಟಿವಿಯ ಕಡೆ ಹೋಗುತ್ತದೆ, ಸೌಂಡ್ ರಿಸೀವರ್ ಕಡೆ ಬರುತ್ತದೆ.

ಮೊದಲು ಟಿವಿಯ ಹಿಂದೆ ನೋಡಿ. ಮೂರೋ ನಾಲ್ಕೋ ಎಚ್‌ಡಿಎಂಐ ಪೋರ್ಟ್ ಇದ್ದರೂ ಸಾಮಾನ್ಯವಾಗಿ ಒಂದರ ಪಕ್ಕದಲ್ಲಿ ಮಾತ್ರ ಎಆರ್‌ಸಿ ಅಥವಾ ಇಎಆರ್‌ಸಿ (ಅದರದೇ ಸುಧಾರಿತ ರೂಪ) ಅಂತ ಬರೆದಿರುತ್ತದೆ. ಕೇಬಲ್ ಅದರಲ್ಲೇ ಇರಬೇಕು. ಬೇರೆ ಪೋರ್ಟ್‌ನಲ್ಲಿದ್ದರೆ ಚಿತ್ರ ಚೆನ್ನಾಗಿಯೇ ಬರುತ್ತದೆ, ಹಾಗಾಗಿ ತಪ್ಪಿರುವುದೇ ಗೊತ್ತಾಗುವುದಿಲ್ಲ. ರಿಸೀವರ್ ಕಡೆಯಲ್ಲೂ ಔಟ್ ಅಂತ ಇರುವ ಪೋರ್ಟ್ ಮೇಲೆ ಎಆರ್‌ಸಿ ಬರೆದಿದೆಯಾ ನೋಡಿ. ಎರಡು ಔಟ್ ಇರುವ ಮಾಡೆಲ್‌ಗಳಲ್ಲಿ ಒಂದಕ್ಕೆ ಮಾತ್ರ ಈ ಸೌಲಭ್ಯ ಇರುವುದುಂಟು.

ಆಮೇಲೆ ಸೆಟ್ಟಿಂಗ್ಸ್. ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಎಆರ್‌ಸಿ ಕೆಲಸ ಮಾಡಬೇಕಾದರೆ ಸಿಇಸಿ ಅನ್ನುವ, ಎಚ್‌ಡಿಎಂಐ ಮೂಲಕ ಒಂದು ಸಾಧನ ಇನ್ನೊಂದನ್ನು ನಿಯಂತ್ರಿಸುವ ಸೌಲಭ್ಯ ಸಾಮಾನ್ಯವಾಗಿ ಎರಡೂ ಕಡೆ ಆನ್ ಇರಬೇಕು. ತೊಂದರೆ ಏನಂದರೆ ಕಂಪನಿಗೊಂದು ಹೆಸರು. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್, ರಿಸೀವರ್‌ಗಳಲ್ಲಿ ಸಾಮಾನ್ಯವಾಗಿ ಎಚ್‌ಡಿಎಂಐ ಕಂಟ್ರೋಲ್. ಹಲವು ರಿಸೀವರ್‌ಗಳಲ್ಲಿ ಇದು ಆಫ್ ಆಗಿಯೇ ಬಂದಿರುತ್ತದೆ, ಮೆನುವಿನಲ್ಲಿ ಒಳಗೆ ಹೋಗಿ ನಾವೇ ಆನ್ ಮಾಡಬೇಕು. ಟಿವಿಯ ಸೌಂಡ್ ಮೆನುವಿನಲ್ಲಿ ಔಟ್‌ಪುಟ್ ಅನ್ನು ಟಿವಿ ಸ್ಪೀಕರ್‌ನಿಂದ ಎಚ್‌ಡಿಎಂಐ ಎಆರ್‌ಸಿಗೆ ಬದಲಿಸಿ. ರಿಸೀವರ್‌ನಲ್ಲಿ ಟಿವಿ ಅಥವಾ ಟಿವಿ ಆಡಿಯೊ ಇನ್‌ಪುಟ್ ಒತ್ತಿ. ಇಷ್ಟಾದರೂ ಸದ್ದಿಲ್ಲವಾದರೆ ಎರಡನ್ನೂ ಪ್ಲಗ್‌ನಿಂದ ಕಿತ್ತು ಒಂದೆರಡು ನಿಮಿಷ ಬಿಟ್ಟು ಮತ್ತೆ ಹಾಕಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು.

ಸೌಂಡ್ ಬಂತು ಅಂತ ಅಲ್ಲಿಗೇ ನಿಲ್ಲಿಸಬೇಡಿ ದಯವಿಟ್ಟು. ಟಿವಿಯಲ್ಲಿ ಡಿಜಿಟಲ್ ಆಡಿಯೊ ಔಟ್ ಅನ್ನುವುದು ಪಿಸಿಎಂ ಅಂತ ಇದ್ದರೆ ಎಆರ್‌ಸಿಯಲ್ಲಿ ಬರುವುದು ಬರೀ ಸ್ಟೀರಿಯೊ. ಹಿಂದಿನ ಸ್ಪೀಕರ್‌ಗಳು ಸುಮ್ನೆ ಕೂತಿರುತ್ತವೆ. ಅದನ್ನು ಆಟೊ, ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ ಮಾಡಿ. ಆಮೇಲೆ ನೆಟ್‌ಫ್ಲಿಕ್ಸ್‌ನಲ್ಲಿ ಆಡಿಯೊ ಆಯ್ಕೆ ತೆರೆದು 5.1 ಅಂತ ಇರುವ ಟ್ರ್ಯಾಕ್ ಹಾಕಿ, ಆಗ ರಿಸೀವರ್‌ನ ಡಿಸ್‌ಪ್ಲೇಯಲ್ಲಿ ಡಾಲ್ಬಿ ಹೆಸರು ಬರಬೇಕು. ನಾನು ಯಾರ ಮನೆಯ ಸಿಸ್ಟಮ್ ನೋಡಿದರೂ ಮೊದಲು ಈ ಡಿಸ್‌ಪ್ಲೇ ನೋಡುತ್ತೇನೆ, ಕಿವಿಗಿಂತ ಬೇಗ ವಿಷಯ ಹೇಳುತ್ತದೆ. ಯೂಟ್ಯೂಬ್‌ನಲ್ಲಿ ಮಾತ್ರ ಹೆಚ್ಚಿನ ವಿಡಿಯೊಗಳು ಸ್ಟೀರಿಯೊವೇ. ಅಲ್ಲಿ ಎಲ್ಲ ಸ್ಪೀಕರ್ ಬೇಕು ಅಂದರೆ ರಿಸೀವರ್‌ನಲ್ಲಿ ಡಾಲ್ಬಿ ಸರೌಂಡ್ ಅಥವಾ ಪ್ರೊ ಲಾಜಿಕ್ ಮೋಡ್ ಹಾಕಿಕೊಳ್ಳಿ. ಹಾಡಿಗೆ ನನಗೆ ಸ್ಟೀರಿಯೊನೇ ಇಷ್ಟ.

ಇಎಆರ್‌ಸಿ ಬಗ್ಗೆಯೂ ಕೇಳಿದ್ದಿರಿ. ಅದು 2017ರ ಎಚ್‌ಡಿಎಂಐ 2.1ರ ಜೊತೆ ಬಂದಿದ್ದು. ಡಾಲ್ಬಿ ಟ್ರೂಎಚ್‌ಡಿಯಂಥ ದೊಡ್ಡ ಫಾರ್ಮ್ಯಾಟ್‌ಗಳೂ ಅದರಲ್ಲಿ ಹೋಗುತ್ತವೆ. ಬ್ಲೂ-ರೇ ಪ್ಲೇಯರ್ ಅನ್ನು ಟಿವಿಗೆ ಹಾಕಿ ಸೌಂಡ್ ರಿಸೀವರ್‌ಗೆ ತರುವವರಿಗೆ ಅದು ಬೇಕು. ಒಟಿಟಿ ನೋಡುವುದಕ್ಕೆ, ಅದೂ 5.1 ಸ್ಪೀಕರ್ ಇಟ್ಟುಕೊಂಡು, ಸಾದಾ ಎಆರ್‌ಸಿ ಸಾಕು. ಇದೊಂದಕ್ಕಾಗಿ ಹೊಸ ರಿಸೀವರ್‌ಗೆ ದುಡ್ಡು ಹಾಕಬೇಡಿ, ಅದರ ಬದಲು ಒಳ್ಳೆಯ ಸೆಂಟರ್ ಸ್ಪೀಕರ್ ತಗೊಳ್ಳಿ. ಮಾತು ಸ್ಪಷ್ಟವಾಗಿ ಕೇಳುವುದು ಅದರಿಂದಲೇ ಅಲ್ವಾ?

ಒಂದು ಎಚ್ಚರಿಕೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತರೂ ಡಿಶ್‌ನ ವೈರ್ ಹಾಗೇ ಬಿಡುವವರಿದ್ದಾರೆ. ಸಿಡಿಲಿನ ಕರೆಂಟ್ ಆ ವೈರ್‌ನಿಂದ ಸೆಟ್ ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ರಿಸೀವರ್, ಟಿವಿ ತನಕ ಹೋಗಬಹುದು. ಉಳಿದದ್ದೆಲ್ಲ ಚೆನ್ನಾಗಿದ್ದು ಎಚ್‌ಡಿಎಂಐ ಪೋರ್ಟ್ ಮಾತ್ರ ಸತ್ತಿರುವುದಕ್ಕೆ ಇದೂ ಒಂದು ಕಾರಣ. ಮೋಡ ಕಟ್ಟಿದಾಗ ಡಿಶ್ ವೈರನ್ನೂ ಬಿಚ್ಚಿಡಿ.

ಇನ್ನು ನಿಮ್ಮ ರಿಸೀವರ್ ಮೇಲೆ ಎಆರ್‌ಸಿ ಅಂತ ಎಲ್ಲೂ ಇಲ್ಲವಾದರೆ ಮಾತ್ರ ಕೇಬಲ್ ತನ್ನಿ, ಆಪ್ಟಿಕಲ್ ಕೇಬಲ್. ಟಿವಿಯ ಆಪ್ಟಿಕಲ್ ಔಟ್‌ನಿಂದ ರಿಸೀವರ್‌ನ ಆಪ್ಟಿಕಲ್ ಇನ್‌ಗೆ ಹಾಕಬೇಕು. ಎರಡೂ ತುದಿಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ಟೋಪಿ ತೆಗೆಯುವುದನ್ನು ಮರೆಯಬೇಡಿ, ಕೇಬಲ್ಲನ್ನು ಗೋಡೆಯ ಮೂಲೆಯಲ್ಲಿ ಮಡಚಬೇಡಿ. ಡಾಲ್ಬಿ ಡಿಜಿಟಲ್ 5.1 ಇದರಲ್ಲೂ ಬರುತ್ತದೆ. ವಾಲ್ಯೂಮ್ ಮಾತ್ರ ರಿಸೀವರ್ ರಿಮೋಟ್‌ನಲ್ಲೇ ಮಾಡಬೇಕಾಗುತ್ತದೆ. ತುಟಿಗಿಂತ ಮಾತು ಮೊದಲೇ ಕೇಳಿಸುತ್ತಿದ್ದರೆ ರಿಸೀವರ್‌ನ ಆಡಿಯೊ ಡಿಲೇ ಅಥವಾ ಲಿಪ್ ಸಿಂಕ್ ಅನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿ. ಸುದ್ದಿ ಓದುವವರ ಮುಖ ಇಟ್ಟುಕೊಂಡು ಮಾಡಿದರೆ ಬೇಗ ಸರಿಹೊಂದುತ್ತದೆ.